ಮೊದಲು ಕಂಡದ್ದು ಯಾವಾಗ

ಹದಿನಾಲ್ಕನೇ ಹಾಸಿಗೆ ಖಾಲಿಯಿತ್ತು.
ಮುದುಕ ಮೆಕ್‌ಗಿನ್ಲಿಯನ್ನು ಸ್ಕ್ಯಾನಿಗೆಂದು
ಕೆಳಗಿನ ಮಹಡಿಗೆ ನಾನೇ ತಳ್ಳಿಕೊಂಡು ಹೋಗಿದ್ದೆ.
ವಾಪಸು ಬಂದರೆ ಚಾರ್ಟಿನ ನಾಲ್ಕು ಗಂಟೆಯ ಮನೆಯಲ್ಲಿ
ನಾಡಿ ಎಪ್ಪತ್ತೆರಡು, ಉಸಿರು ಹದಿನಾರು,
ಬ್ರೋನಾಳ ದುಂಡನೆಯ ಅಕ್ಷರ.
ದಿಂಬಿನ ನಾಡಿ ಹಿಡಿದಳೇನೋ.

ದಣಿದಿದ್ದಾಳೆ, ಅಂದುಕೊಂಡು ಹೊಟ್ಟೆಗೆ ಹಾಕಿಕೊಂಡೆ.
ಡೊನೆಗಾಲ್‌ನ ಚಳಿಗಾಲ, ಉದ್ದದ ರಾತ್ರಿ,
ಇಪ್ಪತ್ತೆಂಟು ರೋಗಿಗಳಿಗೆ ನಾವಿಬ್ಬರೇ.
ನರ ಹುಡುಕಲು ನನಗೆ ಕಲಿಸಿದವಳು ಅವಳು:
'ಕಣ್ಣು ಮುಚ್ಚು ಹುಡುಗಿ, ಬೆರಳಿಗೆ ಗೊತ್ತಿದೆ.'
ಅಪ್ಪ ಸತ್ತ ವಾರ
ನನ್ನ ಪಾಳಿಯನ್ನೂ ಹೊತ್ತವಳು.

ಆಮೇಲೆ ಇನ್ಸುಲಿನ್.
ಎರಡನೇ ಸಹಿ ನನ್ನದು.
ಅವಳು ಸಿರಿಂಜ್ ತೋರಿಸಲಿಲ್ಲ, ನಾನೂ ಕೇಳಲಿಲ್ಲ.
ಬೆಳಗಿನ ಜಾವ ಮಿಸೆಸ್ ಹಾರ್ಕಿನ್
ಬೆವರಲ್ಲಿ ತೊಯ್ದು, ಮಗಳ ಹೆಸರು ಮರೆತು,
ನನ್ನ ತೋಳನ್ನು ಹಡಗಿನ ಹಗ್ಗದಂತೆ ಹಿಡಿದಳು.
ಗ್ಲೂಕೋಸ್ ಏರಿಸಿದೆವು. ಬದುಕಿದಳು.
ಬಾಯಿ ಬಿಡಬೇಡ ಅಂತ ಬ್ರೋನಾ ಹೇಳಲೇ ಇಲ್ಲ.
ಚಹಾ ಮಾಡಿಕೊಟ್ಟಳು:
ನನಗೆ ಬೇಕಾದಷ್ಟೇ ಸಕ್ಕರೆ,
ಒಂದೂವರೆ ಚಮಚ, ಅಳತೆ ತಪ್ಪದೆ.

ಈಗ ವರದಿಯ ಕಾಗದ.
ಅವಳ ಹೆಸರು ಬರೆದೆ, ವಾರ್ಡು ಬರೆದೆ, ಕೈ ನಡುಗಲಿಲ್ಲ.
ಮೂರನೇ ಪ್ರಶ್ನೆಗೆ ಪೆನ್ನು ನಿಂತಿತು:
ಇದನ್ನು ನೀವು ಮೊದಲು ಗಮನಿಸಿದ್ದು ಯಾವಾಗ?

ಹೊರಗೆ ಗಾಳಿ. ನಿಂತ ಕಾರುಗಳ ಗಾಜಿನ ಮೇಲೆ ಕಡಲ ಉಪ್ಪು.
ಹಗಲಿನವರು ಬರಲು ಹತ್ತು ನಿಮಿಷ.
'ನಿನ್ನೆ' ಅಂತ ಬರೆದರೂ ನಡೆದೀತು.
ಮೆಕ್‌ಗಿನ್ಲಿ ಹೋಗಿ ಮೂರು ತಿಂಗಳು,
ಸಾಕ್ಷಿ ಹೇಳಲು ದಿಂಬೂ ಬದಲಾಗಿದೆ.

ನವೆಂಬರ್ ಒಂಬತ್ತು, ಬರೆದೆ.
ಕೆಳಗೆ ನನ್ನ ಸಹಿ,
ಈ ಸಲ ಓದಿ.