ಬೊಂಡನ ತೂಕ

ಪಣಂಬೂರಿನ ತೂಕದ ಕೋಣೆ, ರಾತ್ರಿ ಒಂದೂವರೆ.
ಲಾರಿ ಬಂದರೆ ಕೆಲಸ, ಬಾರದಿದ್ದರೆ ಬಾಹ್ಯಾಕಾಶ.
ಕಂತಿನಲ್ಲಿ ಕೊಂಡ ಲ್ಯಾಪ್‌ಟಾಪು, ಬಿಸಿಯಾದರೆ
ಅಡಿಗೆ ಎರಡು ರಸೀದಿ ಪುಸ್ತಕ ಇಡುತ್ತೇನೆ.

ಆಟದಲ್ಲಿ ನಾನು ಕಪ್ತಾನ.
ಜೊತೆಗೊಬ್ಬ ಯಂತ್ರಮಾನವ. ಹೆಸರಿಡು ಎಂದಿತು ಆಟ.
ಉರುಟು ತಲೆ, ಮೇಲೆ ಕತ್ತಿಯಲ್ಲಿ ಕೆತ್ತಿದ ಹಾಗೆ ಚಪ್ಪಟೆ,
ನಡೆದರೆ ಒಳಗೆ ಏನೋ ಕುಲುಕುವ ಸದ್ದು.
ಬೊಂಡ ಎಂದು ಇಟ್ಟೆ.

ಬೊಂಡನಿಗೆ ಬಂದೂಕು ಹಿಡಿಯಲು ಬರುವುದಿಲ್ಲ.
ಬಾಗಿಲು ತೆರೆಯುವುದು ಅವನ ಕೆಲಸ,
ತೆರೆಯುವುದು ಬೇರೆಯದೇ ಬಾಗಿಲು.
ಕಾಲಡಿಯ ಗ್ರಹ ಸಿಡಿಯುತ್ತಿರುವಾಗ ಕೇಳುತ್ತಾನೆ:
"ಕಪ್ತಾನರೇ, ಇಲ್ಲಿ ಬಾಡಿಗೆ ಮುಂಗಡ ಕೊಟ್ಟಿದ್ದೆವಲ್ಲ?"
ಹೇಳುವುದು ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಬೀಳುವಷ್ಟರಲ್ಲಿ
ಬೈಕಂಪಾಡಿಯವನಾಗಿರುತ್ತಾನೆ.
ನಲವತ್ತೊಂದು ಜೋಕು ಅವನಲ್ಲಿ. ಎಣಿಸಿದ್ದೇನೆ.
ಮುಗಿದರೆ ಮತ್ತೆ ಮೊದಲನೆಯದು,
ನಾನೂ ಮೊದಲಿನಿಂದ ನಗುತ್ತೇನೆ.

ಎದುರಾಳಿ ವೋರಾಕ್. ಏಳು ಗ್ರಹ ಸುಟ್ಟವನು.
ಒಳ್ಳೆಯ ಸ್ವರ ಮಾರಾಯ್ರೇ, ಹಂಡೆಯೊಳಗೆ ಮಾತಾಡಿದ ಹಾಗೆ.
ಅವನು ಬರುವ ಮೊದಲು ದೀಪ ಕೆಂಪಾಗುತ್ತದೆ, ನಗಾರಿ ಬಡಿಯುತ್ತದೆ,
ಬರುತ್ತಿರುವುದು ಯಾರೆಂದು ಚಿಕ್ಕ ಮಕ್ಕಳಿಗೂ ಗೊತ್ತಾಗಬೇಕು.
ಬಂದವನು ಕೂಡಲೇ ಕೊಲ್ಲುವುದಿಲ್ಲ. ಕಾರಣ ಹೇಳುತ್ತಾನೆ,
ತಾಯಿಯ ಕಥೆ ಹೇಳುತ್ತಾನೆ, ಮೂರನೆಯ ಗ್ರಹದ ಬಗ್ಗೆ
ಸ್ವಲ್ಪ ಬೇಸರವೂ ಉಂಟಂತೆ.

ಈಗ ಕೊನೆಯ ಬಾಗಿಲು. ಆಚೆ ಅವನು.
ತೆರೆಯಬೇಕಾದರೆ ಒಬ್ಬರು ಹಲಗೆಯ ಮೇಲೆ ನಿಂತೇ ಇರಬೇಕು,
ನಿಂತವರು ಹಿಂದೆ ಬರುವುದಿಲ್ಲ.
ಬೊಂಡ ಹಲಗೆ ನೋಡಿ ಕೇಳುತ್ತಾನೆ:
"ಕಪ್ತಾನರೇ, ನನ್ನ ತೂಕ ಸಾಕಾದೀತೇ?"
ಅದೂ ಆ ನಲವತ್ತೊಂದರಲ್ಲಿ ಒಂದು.
ಹನ್ನೊಂದು ರಾತ್ರಿಯಿಂದ ಇಲ್ಲೇ ಇದ್ದೇವೆ.

ಲಾರಿ.
ತಮಿಳುನಾಡಿನ ನಂಬರು, ಕಲ್ಲಿದ್ದಲು, ಒದ್ದೆ ಟರ್ಪಾಲು.
ವೋರಾಕನನ್ನು ವಾಕ್ಯದ ನಡುವೆ, ಬಾಯಿ ತೆರೆದ ಹಾಗೆಯೇ
ನಿಲ್ಲಿಸಿ ಎದ್ದೆ.
ಹಸಿರು ಅಂಕೆ ಕುಣಿದು ಕುಣಿದು ನಿಂತಿತು:
ಮೂವತ್ತೆಂಟು ಸಾವಿರದ ನಾನೂರ ಅರವತ್ತು.

ಹಿಂದೆಯೇ ಸ್ಕೂಟರಿನಲ್ಲಿ ದೇಜಪ್ಪಣ್ಣ.
ದೀಪ ಕೆಂಪಾಗಲಿಲ್ಲ. ಟ್ಯೂಬ್‌ಲೈಟು ಇದ್ದ ಹಾಗೇ ಇತ್ತು.
ಮೊಣಕೈಯಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಗೋಳಿಬಜೆಯ ಪೊಟ್ಟಣ.
ಅಮ್ಮನ ಮಂಡಿನೋವು ವಿಚಾರಿಸಿದ, ಎಣ್ಣೆಯ ಹೆಸರು ಹೇಳಿದ.
ಆಮೇಲೆ ಅಂಕೆ ನೋಡಿ:
"ನಿನ್ನ ಮೆಷೀನು ಜಂಭದ್ದು ಮಾರಾಯ,
ತಿಂದದ್ದಕ್ಕಿಂತ ಹೆಚ್ಚು ಹೇಳ್ತದೆ. ಸ್ವಲ್ಪ ಪಥ್ಯ ಮಾಡಿಸು.
ಮೂವತ್ತೈದು ಸಾಕು."

ನಗು ಬಂತು. ಏನು ಮಾಡಲಿ, ಒಳ್ಳೆಯ ಜೋಕೇ.

ಹೋದ ವರ್ಷ ಲೆಕ್ಕ ತಾಳೆಯಾಗದಾಗ
ಮನೆಗೆ ಹೋದದ್ದು ಪಾಸ್ಕಲ್, ಈ ಕುರ್ಚಿಯವನು.
ಟಿಫಿನ್ ಡಬ್ಬಿ ಚೀಲಕ್ಕೆ ಹಾಕುತ್ತಾ ಅವನೂ ನಗುತ್ತಿದ್ದ,
ಎದುರಿಗೆ ದೇಜಪ್ಪಣ್ಣ ಏನೋ ಹೇಳುತ್ತಿದ್ದ.

ಆಟ ಬರೆದವನು ಎಷ್ಟು ಒಳ್ಳೆಯವನು,
ಸುಡುವವನನ್ನೂ ನಗಿಸುವವನನ್ನೂ
ಬೇರೆ ಬೇರೆ ಮೈಯಲ್ಲಿಟ್ಟ.

ಪೆನ್ನಿನ ಮುಚ್ಚಳ ತೆಗೆದು ಕೂತೆ.
ಡ್ರೈವರು ಸೆಲ್ವಂ ಕಿಟಕಿಯೊಳಗೆ ಕೈ ಚಾಚಿದ್ದಾನೆ, ಚೀಟಿಗೆ.
ಫೋನು ಬಂತೆಂದು ದೇಜಪ್ಪಣ್ಣ ಹೊರಗೆ ಹೋದ,
ಮಾತಾಡುತ್ತಾ ಮಾತಾಡುತ್ತಾ
ಲಾರಿಯ ಪಕ್ಕ, ತೂಕದ ಹಲಗೆಯ ಮೇಲೇ ನಿಂತ.

ಅಂಕೆ ನಡುಗಿತು.
ಮೂವತ್ತೆಂಟು ಸಾವಿರದ ಐನೂರ ನಲವತ್ತು.

ಎಂಬತ್ತು ಕಿಲೊ. ಅಷ್ಟೇ.
ಹೆಲ್ಮೆಟ್ಟು ಸೇರಿ.

ಅದನ್ನೇ ಬರೆದೆ, ಅವನನ್ನೂ ಸೇರಿಸಿ,
ಸೀಲು ಹೊಡೆದು ಸೆಲ್ವಂ ಕೈಗೆ ಕೊಟ್ಟೆ.
ಅವನು ಚೀಟಿ ನೋಡಿದ, ಹಲಗೆ ನೋಡಿದ,
ಏನೂ ಹೇಳದೆ ಗೇರು ಹಾಕಿದ.

ದೇಜಪ್ಪಣ್ಣ ಇನ್ನೂ ಫೋನಿನಲ್ಲೇ ಇದ್ದಾನೆ.
ಕೈ ಸ್ವಲ್ಪ ನಡುಗುತ್ತಾ ಉಂಟು.
ಗೋಳಿಬಜೆ ತಣಿದಿದೆ, ಚಟ್ನಿ ಪರವಾಗಿಲ್ಲ.
ಬೊಂಡನಿಗೆ ಹೇಳಬೇಕು ಇದನ್ನು:
ನಲವತ್ತೆರಡನೆಯದು.