ಕೂಗೋದು ನನ್ನ ಕೆಲಸ

ಮಾನ್ವಿ ಕೋರ್ಟಿನ ಬಾಗಿಲ ಬಾಜೂಕ ನಿಂತು
ಇಪ್ಪತ್ತಾರು ವರ್ಷದಿಂದ ಮಂದಿ ಹೆಸರು ಕೂಗತೀನಿ.
ಒಂದು ಹೆಸರಿಗೆ ಮೂರು ಕೂಗು.
ಮೊದಲನೇದು ವರಾಂಡಕ್ಕ,
ಎರಡನೇದು ಬೇವಿನ ಗಿಡದ ಬುಡಕ್ಕ,
ಮೂರನೇದು ಗೇಟಿನಾಚೆ ಚಾದಂಗಡಿಗೆ.
ಬಾಯಾಗ ಬನ್ನು ಇದ್ದಂಗ ಓಡಿ ಬಂದವರದಾರ.
ಗೈರು ಅಂತ ಬರೆದಾದ ಮ್ಯಾಲ ಬಂದು
ಸಾಹೇಬರನ್ನ ಬಿಟ್ಟು ನನ್ನ ಮುಖ ನೋಡಿದವರೂ ಅದಾರ.

ಅಪ್ಪ ಊರಾಗ ಡಂಗುರ ಸಾರತಿದ್ದ.
ಗಂಟಲು ಅವನದು, ಪಗಾರ ಸರಕಾರದ್ದು.
"ಮೌಲಪ್ಪ, ಸ್ವಲ್ಪ ಮೆಲ್ಲಗೆ, ತಲೆನೋವು" ಅಂದ್ರು ಒಬ್ಬ ಸಾಹೇಬರು.
ಮೆಲ್ಲಗೆ ಕೂಗಿದ ದಿನ ನಾಕು ಮಂದಿ ಗೈರಾದರು.
ಮರುದಿನ ಮತ್ತ ಅಪ್ಪನ ಗಂಟಲೇ ತಗದೆ.

ಕಾಗದದಾಗ ಏನೈತೋ ಅದನ್ನೇ ಕೂಗಬೇಕು.
ಗಂಡಸಿಗಾದರ ಬೆನ್ನಿಗೆ ತಂದೆ ಹೆಸರು,
ಹೆಂಗಸಿಗಾದರ
"ಹುಲಿಗೆಮ್ಮ ಗಂಡ ದುರುಗಪ್ಪಾ..."
ನಡುವ ಉಸಿರು ತಗೊಳ್ಳಾಕ ಜಾಗ ಇಲ್ಲ.

ಜೀವನಾಂಶದ ಅರ್ಜಿ, ಅದೇ ದುರುಗಪ್ಪನ ಮ್ಯಾಲ.
ಸಮನ್ಸು ಹೋತು: ಮನಿಗೆ ಕೀಲಿ.
ಇನ್ನೊಂದು ಹೋತು: ಊರಾಗಿಲ್ಲ.
ಮೂರನೇದರ ಬೆನ್ನಿಗೆ ಅಮೀನ ಬರೆದಿದ್ದ:
"ಸದರಿಯವರು ಈಗಷ್ಟೇ ಇದ್ದರೆಂದು ನೆರೆಯವರ ಹೇಳಿಕೆ."
ಎಲ್ಲೂ ಸಿಗದ ಆ ಮನಿಷಾನ್ನ
ಪ್ರತಿ ವಾಯಿದೆಗೂ ನಾನು ಕೋರ್ಟಿನಂಗಳ ತುಂಬ ಹಾಜರು ಮಾಡತಿದ್ದೆ,
ಅಕಿ ಹೆಸರಿಗೆ ಗಂಟು ಹಾಕಿ.

ಹತ್ತಿ ಮಿಲ್ಲಿನಾಗ ಅರ್ಧ ಪಾಳಿ ಬಿಟ್ಟು ಬರತಿದ್ದಳು.
ಹುಬ್ಬಿನಾಗ, ಹೆರಳಿನಾಗ ಹತ್ತಿ ಎಳಿ;
ಇನ್ನಾ ಮೂವತ್ತಾಗಿದ್ದಿಲ್ಲ, ದೂರದಿಂದ ನೋಡಿದರ ಮುದುಕಿ.
ವಕೀಲರಿಗೆ ರೊಕ್ಕ ಇಲ್ಲ ಅಂದಾಗ
ಮೆಟ್ಟಿಲ ಕೆಳಗಿನ ಖೋಲಿ ತೋರಿಸಿದವ ನಾನೇ.
ಕಾನೂನು ಸೇವಾ ಸಮಿತಿ: ಒಂದು ಟೇಬಲ್ಲು,
ಎರಡೇ ರೆಕ್ಕಿ ಉಳಿದ ಫ್ಯಾನು, ತಸ್ಲೀಮಾ ವಕೀಲರು.
"ಪುಕ್ಕಟೆ ಅಂದ್ರ ಹಗುರ ಅಂತಲ್ಲವ್ವಾ" ಅಂದು
ಅರ್ಜಿ ಪೂರಾ ಓದಿ ಹೇಳಿದರು, ಎರಡು ಸಲ.
ಅಕಿ ಕೇಳಿದ್ದೊಂದೇ:
"ಇದರಾಗ ನನ್ನ ಹೆಸರು ಎಲ್ಲೈತಿ? ಬೆರಳಿಟ್ಟು ತೋರಸ್ರಿ."

ಆಮ್ಯಾಲ ಒಂದು ವಾಯಿದೆ ದಿನ, ಸಾಹೇಬರು ಬರೋಕ ಮೊದಲು,
ನನ್ನ ಮುಂದ ಬಂದು ನಿಂತಳು.
"ಯಣ್ಣಾ, ನೀ ಕೂಗಿದಾಗೆಲ್ಲ ಮಂದಿ ಅವನ್ನ ಹುಡುಕತಾರ.
ಬರೇ ನನ್ನ ಹೆಸರು ಕೂಗಿದರ ಆಗಂಗಿಲ್ಲೇನು?"
"ಕಾಗದದಾಗ ಹಂಗೈತವ್ವಾ."
"ಕಾಗದ ಕೂಗತೈತೇನು? ಕೂಗಾಂವ ನೀನು."

ಅವತ್ತು ಮೊದಲ ಕೂಗು ಕಾಗದದ ಪ್ರಕಾರ.
ಎರಡನೇದೂ.
ಬೇವಿನ ಬುಡದಾಗ ನಿಂತಾಕಿ ನನ್ನನ್ನೇ ನೋಡಕೋತ
ಅಲುಗಾಡಲಿಲ್ಲ.
ಒಳಗ ಗುಮಾಸ್ತರ ಪೆನ್ನಿನ ಟೊಪ್ಪಿಗಿ ಬಿಚ್ಚಿತ್ತು.
ಇನ್ನೊಂದು ನಿಮಿಷಕ್ಕ ಗೈರು.
ಏನಾತೋ ಏನೋ, ಗಂಟಲು ಅರ್ಧಕ್ಕ ನಿಂತು
"ಹುಲಿಗೆಮ್ಮಾ..."
ಅಷ್ಟೇ ಹೊರಗ ಬಂತು.

ಅಂಗಳದಾಗ ಮೂರು ಮಂದಿ ಹುಲಿಗೆಮ್ಮಂದಿರು ತಿರುಗಿ ನೋಡಿದರು.
ಶೇಂಗಾ ಮಾರಾಕಿ ಒಬ್ಬಾಕಿ,
ಜಾಮೀನಿಗೆ ಬಂದಾಕಿ ಇನ್ನೊಬ್ಬಾಕಿ, ಬಗಲಾಗ ಮೊಮ್ಮಗ.
"ಯಾವ ಹುಲಿಗೆಮ್ಮನೋ ಮಾರಾಯಾ!" ಒಳಗಿಂದ ಶಿರಸ್ತೇದಾರರು.
ನನ್ನ ಹತ್ರ ಉತ್ತರ ಇದ್ದಿಲ್ಲ.
ಸೆರಗು ಝಾಡಿಸಿ ಹತ್ತಿ ಉದುರಿಸಿಕೋತ
ಅಕಿನೇ ಹೊಸ್ತಿಲು ದಾಟಿದಳು.
"ಅರ್ಜಿ ಹಾಕಿದಾಕಿ" ಅಂದಳು.

ನನಗ ಒಂದು ಮೆಮೋ ಬಂತು. ಉತ್ತರ ಕೊಟ್ಟೀನಿ:
ಕೆಮ್ಮು ಬಂದಿತ್ತು ಅಂತ.
ಅಕಿ ಕೇಸು ಇನ್ನಾ ನಡದೈತಿ. ಮುಂದಿನ ವಾಯಿದೆ ಹದಿನೇಳಕ್ಕ.

ಆ ಸಂಜಿ ಮನಿ ಬಾಗಿಲಿಗೆ ಬಂದು ಸೈಕಲ್ಲು ಆನಿಸಿದೆ.
ಲಗ್ನ ಆದಾಗಿಂದ ಹೆಂಡತಿನ್ನ "ಏ, ಇಲ್ಲಿ" ಅಂತ ಕರದಾಂವ.
ಯಾಕೋ ನಿಂತು, ಒಂದೇ ಸಲ, ಮೆಲ್ಲಗೆ
"ನರಸಮ್ಮಾ" ಅಂದೆ.

ರೊಟ್ಟಿ ಹಿಟ್ಟಿನ ಕೈಲೇ ಹೊರಗ ಓಡಿ ಬಂದಳು:
"ಏನಾತು? ಯಾರಿಗೇನಾತು?"