ಗಸಗಸೆ

ಮೊದಲ ದಿನ, ಹಾಲೊಪೆರಿಡಾಲ್ ಚುಚ್ಚಿಸಿಕೊಂಡ ಇಲಿಯ
ಮುಂಗಾಲೆರಡನ್ನೂ ಎತ್ತಿ ಗಾಜುಕಡ್ಡಿಯ ಮೇಲಿಟ್ಟೆ.
ಇಳಿಸಲಿಲ್ಲ ಅದು.
ಕಟಕಟೆಗೆ ಕೈಯೂರಿ ತೀರ್ಪಿಗೆ ಕಾದವರ ಹಾಗೆ
ನಿಂತೇ ಇತ್ತು, ಮೀಸೆ ಮಾತ್ರ ಅಲುಗುತ್ತ.
ಪುಸ್ತಕದಲ್ಲಿ ಬರೆದುಕೊಂಡೆ: ಇನ್ನೂರ ನಲವತ್ತು ಸೆಕೆಂಡು.
ಸೆವೆರಿನ್, ನಿನ್ನ ನೆನಪಾಯಿತೆಂದು ಬರೆಯಲಿಲ್ಲ.

ಮೂರು ವಾರ ಕಳೆಯಿತು.
ವಿಸ್ಲಾ ನದಿ ದಡದ ಕಡೆಯಿಂದ ಹೆಪ್ಪುಗಟ್ಟತೊಡಗಿತು.
ಒಣಹಿಮದ ಮೇಲೆ ಮಿದುಳುಗಳನ್ನು ಬಿಡಿಸಿ
ಪಟ್ಟೆಪಟ್ಟೆಯ ಒಂದು ಚೂರು, ಹೆಸರುಕಾಳಿನಷ್ಟು,
ಚಿಮುಟದಲ್ಲೆತ್ತಿ, ಆಮ್ಲದಲ್ಲಿ ಕುದಿಸಿ, ಅರೆದು, ಸೋಸಿ,
ರಾತ್ರಿಯಿಡೀ ಎಣಿಸುವ ಯಂತ್ರದ ಪಕ್ಕ ಕೂತೆ.
ಬೆಳಿಗ್ಗೆ ಡಾಕ್ಟರ್ ಗ್ರಾಬೋವ್ಸ್ಕಾ
ಚಹಾದ ಗ್ಲಾಸು ಕೆಳಗಿಟ್ಟರು:
"ಏರಿದೆ ಬೊಗುಮಿಲಾ. ಒಂದೂವರೆ ಪಟ್ಟು!"

ಏರಿದ್ದು ಎನ್ಕೆಫಲಿನ್.
ಐದೇ ಮಣಿಯ ಸರ,
ಮೈ ತನಗೆ ತಾನೇ ಕಾಸಿಕೊಳ್ಳುವ ಅಫೀಮು.
ಡೋಪಮಿನ್ ಬರುವ ಬಾಗಿಲಿಗೆ ಮದ್ದು ಅಗುಳಿ ಜಡಿದರೆ
'ಸಾಕು' ಅನ್ನುವವರು ಯಾರೂ ಇಲ್ಲದೆ
ಒಳಗಿನವಳು ಪೋಣಿಸುತ್ತಾಳೆ, ಪೋಣಿಸುತ್ತಲೇ ಇರುತ್ತಾಳೆ.
ಯಾರ ಕೊರಳಿಗೆ, ಅದನ್ನು ನಮ್ಮ ಯಂತ್ರ ಹೇಳುವುದಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ದಿನ
ಕ್ರಾಕೂಫಿನ ಕೊನೆಯ ಟ್ರ್ಯಾಮ್ ನಿಲ್ದಾಣದಲ್ಲಿಳಿದು
ಆಸ್ಪತ್ರೆಯ ತನಕ ನಡೆದೆ, ಚೀಲದಲ್ಲಿ ಅಮ್ಮ ಸುತ್ತಿಕೊಟ್ಟ
ಗಸಗಸೆಯ ರೊಟ್ಟಿಸುರುಳಿ.
ಸಕ್ಕರೆಗೆ ಈ ಸಲ ಕೂಪನ್ ಸಾಲದೆ ಸ್ವಲ್ಪ ಸಪ್ಪೆ.

ನೀನು ತಿಂದೆ. ನಿಧಾನ,
ಪ್ರತಿ ತುತ್ತನ್ನೂ ದವಡೆಗೆ ಪರಿಚಯಿಸಿಕೊಡುವಂತೆ.
ತುಟಿಗೆ ಕಪ್ಪು ಕಾಳು ಅಂಟಿತ್ತು.
"ರೇಡಿಯೋದೊಳಗಿನವರು ಇನ್ನೂ ಕರೀತಾರಾ?"
"ಕರೀತಾರೆ. ಈಗ ಪಕ್ಕದ ಮನೇಲಿ ಜಗಳ ಆಡಿದ ಹಾಗೆ.
ನನಗಲ್ಲ ಅಂತ ಅಂದ್ಕೋಬಹುದು."

ಇದು ನೆಮ್ಮದಿಯೋ, ಬರಿ ಭಾರವೋ?
ಇಲಿಗಾದರೆ ನನ್ನ ಹತ್ತಿರ ಅಂಕಿಯಿದೆ.
ನಿನ್ನ ತುಟಿ ಒರೆಸಲೆಂದು ಕೈಯನ್ನು ಪಕ್ಕಕ್ಕೆ ಸರಿಸಿ ಬಿಟ್ಟೆ.
ಕೈ ಅಲ್ಲೇ, ಗಾಳಿಯಲ್ಲೇ ಉಳಿಯಿತು.
ಅಭ್ಯಾಸಬಲ: ಗೋಡೆ ಗಡಿಯಾರ ನೋಡಿದೆ, ನಾಚಿಕೊಂಡೆ.

ಹೊರಡುವಾಗ ಮಿಕ್ಕ ತುಂಡನ್ನು
ಪತ್ರಿಕೆಯಲ್ಲಿ ಸುತ್ತಿ ಕೋಟಿನ ಜೇಬಿಗೆ ತುರುಕಿದೆ ನೀನು.
"ನಿನ್ನ ಇಲಿಗಳಿಗೆ," ಅಂದೆ. "ಹಬ್ಬ ಅಲ್ವಾ."

ಹೂಂ ಅಂದೆ.
ಟ್ರ್ಯಾಮಿನಲ್ಲಿ, ಕಿಟಕಿಯ ಕಡೆ ಮುಖ ತಿರುಗಿಸಿ,
ಒಂದು ಕಾಳೂ ಚೆಲ್ಲದಂತೆ
ನಾನೇ ತಿಂದೆ.